ನಾಲ್ಕು ನಿಮಿಷಗಳ ಸಾಕ್ಷ್ಯ

ಆಕಾಶವನ್ನು ಕುರಿತ ಸಂಶೋಧನೆಗೆ ಬೆಟ್ಟದ ಮೇಲಿನ ವೀಕ್ಷಣಾಲಯವೂ ಹೇರಳವಾದ ಹಣವೂ ಇರಲೇಬೇಕೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿದ್ದಾರೆ. ರೇಡಿಯೋ ಖಗೋಳ ವಿಜ್ಞಾನದ ಚರಿತ್ರೆಯಾದರೋ ಬೇರೆಯ ಮಾತನ್ನೇ ಹೇಳುತ್ತದೆ.

ಅಮೆರಿಕದ ಇಲಿನಾಯ್ ಪ್ರಾಂತದ ವೀಟನ್ ಎಂಬ ಊರಿನಲ್ಲಿ ಗ್ರೋಟ್ ರೀಬರ್ ಎಂಬ ತರುಣ ಎಂಜಿನಿಯರು ೧೯೩೭ರಲ್ಲಿ ತನ್ನ ಮನೆಯ ಅಂಗಳದಲ್ಲಿ ಸುಮಾರು ೩೧ ಅಡಿ ಅಗಲದ ಲೋಹದ ಬೋಗುಣಿಯೊಂದನ್ನು ಸ್ವಂತ ಖರ್ಚಿನಿಂದ ಕಟ್ಟಿ ನಿಲ್ಲಿಸಿದನು. ಮೊದಲು ೯ ಸೆಂಟಿಮೀಟರ್ ಉದ್ದದ ಅಲೆಗಳನ್ನು ಹುಡುಕಿದನು, ಏನೂ ದೊರೆಯಲಿಲ್ಲ. ೩೩ ಸೆಂಟಿಮೀಟರಿನಲ್ಲಿಯೂ ಅದೇ ಗತಿ. ಮೂರನೆಯ ಬಾರಿ ೧.೮೭ ಮೀಟರ್ ಅಲೆಗಳಿಗೆ ಗ್ರಾಹಕವನ್ನು ಅಣಿಗೊಳಿಸಿದನು. ೧೯೩೯ರ ವೇಳೆಗೆ ಆಕಾಶಗಂಗೆ ಉತ್ತರ ಕೊಟ್ಟಿತು. ಹಗಲಿನಲ್ಲಿ ಮೋಟಾರುಗಾಡಿಗಳ ಕಿಡಿಗಳಿಂದ ತೊಂದರೆಯಾಗುತ್ತಿದ್ದುದರಿಂದ ಆತನು ರಾತ್ರಿಯಲ್ಲಿ ಅಳತೆ ಮಾಡುತ್ತಿದ್ದನು.

ಇಂದು ಅಷ್ಟು ಶ್ರಮವೂ ಬೇಕಿಲ್ಲ. ಆಕಾಶಗಂಗೆಯ ಜಲಜನಕವು ೨೧ ಸೆಂಟಿಮೀಟರ್ ಉದ್ದದ ಅಲೆಗಳನ್ನು ಸೂಸುತ್ತದೆ. ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಮಾಡಿದ ಕೊಂಬು, ಒಂದು ವರ್ಧಕ, ಕಂಪ್ಯೂಟರಿಗೆ ಜೋಡಿಸುವ ಪುಟ್ಟ ರೇಡಿಯೋ ಗ್ರಾಹಕ, ಇಷ್ಟಿದ್ದರೆ ಅವನ್ನು ಮನೆಯ ತಾರಸಿಯ ಮೇಲೆಯೇ ಹಿಡಿಯಬಹುದು. ಮಳೆಗಾಲದ ಮೋಡವಾಗಲಿ ಬೀದಿದೀಪದ ಬೆಳಕಾಗಲಿ ಆ ಅಲೆಗಳನ್ನು ಮರೆಮಾಡಲಾರದು.

"ಎಲ್ಲವನ್ನೂ ದೊಡ್ಡವರು ಆಗಲೇ ಕಂಡುಹಿಡಿದಿದ್ದಾರೆ. ಮತ್ತೆ ಅಳೆದು ಪ್ರಯೋಜನವೇನು?" ಎಂದು ಕೇಳುವವರುಂಟು. ನನ್ನ ಮಟ್ಟಿಗೆ ಅದರ ಪ್ರಯೋಜನ ಒಂದೇ: ನಮ್ಮ ಕಿವಿಯನ್ನು ನಾವೇ ಸಂಶಯಿಸಲು ಕಲಿಯುವುದು. ಮನೆಯ ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಅಷ್ಟೇಕೆ, ಆ ಕಂಪ್ಯೂಟರು ಸಹ ರೇಡಿಯೋ ಗದ್ದಲವನ್ನು ಹೊರಡಿಸುತ್ತದೆ. ಗೆರೆ ಮೇಲೇರಿದಾಗ ಅದು ಆಕಾಶಗಂಗೆಯೋ ನೆರೆಮನೆಯ ದೀಪವೋ ಹೇಗೆ ತಿಳಿಯುವುದು?

ಉಪಾಯವು ಸರಳವಾಗಿದೆ. ನಕ್ಷತ್ರಗಳನ್ನು ಕುರಿತು ಭೂಮಿಯು ೨೩ ಗಂಟೆ ೫೬ ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಆದುದರಿಂದ ಆಂಟೆನಾವನ್ನು ಅಲುಗಿಸದೆ ಇಟ್ಟರೆ ಆಕಾಶದ ಸಂಕೇತವು ದಿನದಿನಕ್ಕೆ ೪ ನಿಮಿಷ ಮುಂಚಿತವಾಗಿ ಬರುವುದು. ೧೫ ದಿನಗಳಲ್ಲಿ ಅದು ಒಂದು ಗಂಟೆಯಾಗುವುದು. ನೆರೆಮನೆಯ ದೀಪವಾದರೋ ನಮ್ಮ ಗಡಿಯಾರವನ್ನೇ ಅನುಸರಿಸುವುದು. ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಕಾರ್ಲ್ ಜಾನ್‌ಸ್ಕಿ ತನಗೆ ಕೇಳಿಬಂದ ಸಣ್ಣ ಗದ್ದಲವು ಸೂರ್ಯನದೆಂದು ಮೊದಲು ಶಂಕಿಸಿದ್ದನು. ಸುಮಾರು ಒಂದು ವರ್ಷದ ದಾಖಲೆಯಲ್ಲಿ ಈ ನಾಲ್ಕು ನಿಮಿಷಗಳು ಕಂಡುಬಂದ ಮೇಲೆಯೇ ಅದು ಆಕಾಶಗಂಗೆಯದೆಂದು ೧೯೩೩ರಲ್ಲಿ ಸಾರಿದನು.

ನಮ್ಮ ಕಾಲೇಜಿನ ಪ್ರಯೋಗಗಳಲ್ಲಿ ಉತ್ತರವು ಮೊದಲೇ ಗೊತ್ತಿರುತ್ತದೆ. ಅದಕ್ಕೆ ಹೊಂದುವಂತೆ ಅಂಕಿಗಳನ್ನು ತಿದ್ದುವ ಚಾಳಿಯೂ ನಮಗೆ ಹೊಸದಲ್ಲ. ತಾರಸಿಯ ಮೇಲಿನ ಪ್ರಯೋಗದಲ್ಲಿ ತಿದ್ದಿ ಪಡೆಯುವ ಅಂಕಗಳಿಲ್ಲ. ಅಲ್ಲಿ ಸೋಲನ್ನೂ ಬರೆದಿಡಬೇಕು. ರೀಬರನ ಎರಡು ಸೋಲುಗಳೇ ಒಂದು ಸುದ್ದಿಯಾಗಿದ್ದವು: ಬಿಸಿ ವಸ್ತುವಿನ ವಿಕಿರಣವಾಗಿದ್ದರೆ ಅದು ಕಿರಿಯ ಅಲೆಗಳಲ್ಲಿ ಹೆಚ್ಚು ಪ್ರಬಲವಾಗಿರಬೇಕಿತ್ತು, ಹಾಗಿರಲಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಯು ಒಂದು ತಿಂಗಳ ದಾಖಲೆಯನ್ನು ತಂದು, "ಆಕಾಶದ ಸಂಕೇತ ಸಿಗಲಿಲ್ಲ, ಆದರೆ ನಮ್ಮ ಮನೆಯ ಗದ್ದಲವೆಲ್ಲ ಯಾವುದೆಂದು ಗೊತ್ತಾಯಿತು" ಎಂದರೆ, ಆ ಪುಸ್ತಕವನ್ನು ಹಿಂದಿರುಗಿಸಬೇಡಿ. ವಿಜ್ಞಾನದ ಮೊದಲ ಪಾಠವನ್ನು ಅವನು ಆಗಲೇ ಕಲಿತಿದ್ದಾನೆ.