ಊರಿಗೆ ತಕ್ಕ ತಂಪು

ಮಣ್ಣಿನ ಹೂಜಿಯ ನೀರು ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಒದ್ದೆ ಪದರದ ಮೂಲಕ ಗಾಳಿಯನ್ನು ಹಾಯಿಸುವ ಏರ್ ಕೂಲರಿನ ತತ್ತ್ವವೂ ಇದೇ. ಅದಕ್ಕೆ ಬೇಕಾದುದು ಒಂದು ಫ್ಯಾನು ಮತ್ತು ಸಣ್ಣ ಪಂಪು ಮಾತ್ರ. ಆದುದರಿಂದ ಹವಾನಿಯಂತ್ರಣ ಯಂತ್ರಕ್ಕಿಂತ ಬಹಳ ಕಡಿಮೆ ವಿದ್ಯುತ್ತು ಸಾಕು.

ಆದರೆ ಈ ಮಿತವ್ಯಯವು ಎಲ್ಲ ಊರಿಗೂ ಒಪ್ಪುವುದಿಲ್ಲ. ಕಲಬುರಗಿಯಂತಹ ಒಣನಾಡಿನಲ್ಲಿ ಉಷ್ಣತೆ 40 ಡಿಗ್ರಿ, ತೇವಾಂಶ ಶೇಕಡ 20 ಇರುವ ಮಧ್ಯಾಹ್ನ ಗಾಳಿಯು ಈ ವಿಧಾನದಿಂದ ಹೆಚ್ಚೆಂದರೆ ಸುಮಾರು 23 ಡಿಗ್ರಿಯವರೆಗೆ ತಣಿಯಬಲ್ಲದು. ಮಂಗಳೂರಿನಲ್ಲಿ ಉಷ್ಣತೆ 34 ಡಿಗ್ರಿ, ತೇವಾಂಶ ಶೇಕಡ 65 ಇದ್ದರೆ ಆ ಮಿತಿಯು ಸುಮಾರು 28 ಡಿಗ್ರಿಗೇ ನಿಲ್ಲುತ್ತದೆ. ಅದನ್ನೂ ಸಾಧಾರಣ ಯಂತ್ರವು ಪೂರ್ಣವಾಗಿ ಮುಟ್ಟಲಾರದು. ಮೇಲಾಗಿ ಕೋಣೆಯ ತೇವ ಹೆಚ್ಚಿ ಮೈಬೆವರು ಆರದೆ ಸೆಕೆ ಕಾಡುತ್ತದೆ. ಸಾಲ ಮಾಡಿ ಯಂತ್ರ ಕೊಂಡ ಬಡ ಕುಟುಂಬಕ್ಕೆ ಸಾಲವೂ ವಿದ್ಯುತ್ತಿನ ಬಿಲ್ಲೂ ಉಳಿಯುತ್ತವೆ, ತಂಪು ಉಳಿಯುವುದಿಲ್ಲ.

ಹಾಗಾದರೆ ಕರಾವಳಿಯವರಿಗೆ ದಾರಿ ಯಾವುದು? ಅದನ್ನು ಹಿರಿಯರ ಮನೆಗಳೇ ತೋರಿಸಿವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನದೀತೀರದ ಜೇಡಿಮಣ್ಣಿನ ಆ ಹೆಂಚು ದೇಶವಿದೇಶಗಳಲ್ಲಿ ಹೆಸರಾಯಿತು. ಹೆಂಚಿನ ಮನೆಯಲ್ಲಿ ಮೇಲೇರಿದ ಬಿಸಿಗಾಳಿಯು ಹೆಂಚುಗಳ ಸಂದಿನಿಂದ ಹೊರಹೋಗುತ್ತದೆ. ಅಟ್ಟವು ಮಾಡಿನ ಕಾವನ್ನು ತಡೆಯುತ್ತದೆ. ಮುಂಚಾಚಿದ ಸೂರು ಗೋಡೆಗೆ ನೆರಳೀಯುತ್ತದೆ. ಇದಾವುದಕ್ಕೂ ವಿದ್ಯುತ್ತು ಬೇಡ.

ಹೆಂಚಿನ ಮಾಡು ಸೋರುತ್ತದೆ, ಮಳೆಗಾಲಕ್ಕೆ ಮುನ್ನ ಕೈಯಾಡಿಸಬೇಕು ಎಂಬ ಆಕ್ಷೇಪ ಸುಳ್ಳಲ್ಲ. ಎಲ್ಲರೂ ಹಳೆಯ ಬಗೆಯ ಮನೆಗೆ ಮರಳುವುದೂ ಸಾಧ್ಯವಿಲ್ಲ. ಆದರೆ ತಾರಸಿಗೆ ಬಿಳಿಯ ಸುಣ್ಣ ಬಳಿಯಬಹುದು. ಅದರ ಮೇಲೆ ಹೆಂಚಿನ ಮಾಡು ಹೊದಿಸಬಹುದು. ಎದುರುಬದುರು ಕಿಟಕಿಗಳನ್ನಿಟ್ಟು ಕಡಲಗಾಳಿಗೆ ದಾರಿ ಬಿಡಬಹುದು. ಪಡುವಣ ಗೋಡೆಗೆ ನೆರಳಾಗುವಂತೆ ಮರ ಬೆಳೆಸಬಹುದು. ಕಾದ ತಾರಸಿಗೆ ನೀರೆರಚಿದರೆ ತೇವ ಹೊರಗುಳಿದು ತಂಪು ಒಳಗಿಳಿಯುವುದೇನೋ ನಿಜ. ಆದರೆ 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ತಗ್ಗಿ ನಗರದಲ್ಲಿ ಸರದಿಯಂತೆ ನೀರು ಹಂಚಬೇಕಾಯಿತು. ಅಂತಹ ಊರಿನಲ್ಲಿ ಕುಡಿಯುವ ನೀರನ್ನು ತಾರಸಿಗೆ ಸುರಿಯುವುದು ವಿವೇಕವಲ್ಲ.

ಒಣನಾಡಿನವರು ಕೂಲರನ್ನು ಬಳಸಲಿ. ಅದರ ಪದರವನ್ನು ಶುಚಿಯಾಗಿಟ್ಟು, ತೇವಗಾಳಿ ಹೊರಹೋಗಲು ಕಿಟಕಿಯನ್ನು ತೆರೆದಿಡಲಿ. ಕರಾವಳಿಯವರು ನೆರಳನ್ನೂ ಗಾಳಿಯನ್ನೂ ಮೊದಲು ದುಡಿಸಿಕೊಳ್ಳಲಿ. ಯಂತ್ರದ ಬೆಲೆಯನ್ನು ವಿಚಾರಿಸುವ ಮುನ್ನ ಊರಿನ ಹವೆಯನ್ನು ವಿಚಾರಿಸುವುದೇ ಜಾಣತನ.