ಹೆಸರು ತಪ್ಪಲ್ಲ, ಹೊಂದಿಸುವ ಕ್ರಮ ತಪ್ಪು

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ದಿನಗಳು ಬಂದರೆ ಸೈಬರ್ ಸೆಂಟರ್‌ಗಳ ಮುಂದೆ ಒಂದೇ ಮಾತು: "ಹೆಸರು ಮ್ಯಾಚ್ ಆಗ್ತಿಲ್ಲ." ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಪಾಸ್‌ಬುಕ್‌ನಲ್ಲಿ ಮತ್ತೊಂದು ರೀತಿ. ಮೂರೂ ಒಬ್ಬರದೇ ಎಂದು ಓಣಿಗೆಲ್ಲ ಗೊತ್ತು, ಕಂಪ್ಯೂಟರ್‌ಗೆ ಮಾತ್ರ ಗೊತ್ತಿಲ್ಲ. ಕೊನೆಗೆ ಸಿಗುವ ಉತ್ತರ, "ತಿದ್ದಿಸಿಕೊಂಡು ಬಾ." ತಿದ್ದಿಸಲು ಓಡಾಡಿದರೆ ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ, ಮಗಳ ಒಂದು ದಿನದ ಕ್ಲಾಸ್ ಹೋಗುತ್ತದೆ.

ಈ ತೊಂದರೆಯ ಮೂಲ ವಿದ್ಯಾರ್ಥಿಯಲ್ಲಿ ಇಲ್ಲ. ಅರ್ಜಿಯ ಫಾರಂ ನಮ್ಮ ಕಣ್ಣಿಗೆ ಕಾಣುತ್ತದೆ. ಅದರ ಹಿಂದೆ ಕಾಣದೆ ಕೆಲಸ ಮಾಡುವ ಭಾಗಕ್ಕೆ ಬ್ಯಾಕ್‌ಎಂಡ್ ಎನ್ನುತ್ತಾರೆ. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ನಮೂನೆಯಲ್ಲಿ ಬರುವ ಮಾಹಿತಿಯನ್ನು ಒಂದೇ ನಮೂನೆಗೆ ತರುವುದು ಅದರ ಕೆಲಸ. ಅಲ್ಲಿ ಅವಸರ ಮಾಡಿದರೆ ಅದರ ದಂಡ ಇಲ್ಲಿ ನಾವು ಕಟ್ಟುತ್ತೇವೆ.

ನಮ್ಮ ಹೆಸರುಗಳನ್ನೇ ನೋಡಿ. ಮೊಹಮ್ಮದ್ ಎಂಬುದು ಉರ್ದುವಿನಲ್ಲಿ ನಾಲ್ಕೇ ಅಕ್ಷರ, ಒಂದೇ ರೂಪ. ಕನ್ನಡಕ್ಕೆ ಬಂದಾಗ ಮೊಹಮ್ಮದ್, ಮಹಮ್ಮದ್, ಮುಹಮ್ಮದ್ ಎಂದು ಮೂರಾಗುತ್ತದೆ. ಇಂಗ್ಲಿಷಿನಲ್ಲಿ ಕೆಲವರು ‘ಓ’ ಹಾಕುತ್ತಾರೆ, ಕೆಲವರು ‘ಯು’ ಹಾಕುತ್ತಾರೆ, ಇನ್ನು ಕೆಲವರು ‘ಎಂ ಡಿ’ ಎಂದು ಎರಡೇ ಅಕ್ಷರಕ್ಕೆ ಮುಗಿಸುತ್ತಾರೆ. ಯಾವುದೂ ತಪ್ಪಲ್ಲ. ಆದರೆ ಎರಡು ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಇಟ್ಟು ನೋಡುವ ಪ್ರೋಗ್ರಾಂಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಇದರ ಮೇಲೆ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಕಾಲಂ ಕಡ್ಡಾಯ ಮಾಡಿದರೆ ಒಂದೇ ಪದದ ಹೆಸರಿರುವ ಹುಡುಗಿ ಏನು ತುಂಬಬೇಕು? ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಒಬ್ಬರು ಇನಿಷಿಯಲ್ ಹಾಕುತ್ತಾರೆ, ಮತ್ತೊಬ್ಬರು ಬರೀ ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಮುಂದಿನ ಅರ್ಜಿಗೆ ಅಡ್ಡಿಯಾಗುವುದು ಆ ಚುಕ್ಕೆಯೇ.

ಹೆಸರಿನ ತಪ್ಪು ಕಣ್ಣಿಗಾದರೂ ಕಾಣುತ್ತದೆ. ಕಾಣದ ತಪ್ಪು ಇನ್ನೂ ಅಪಾಯ. 25/04/2008 ಎಂಬ ಹುಟ್ಟಿದ ದಿನವನ್ನು ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ಎಂದು ಓದುವ ಪ್ರೋಗ್ರಾಂ ನಿಂತುಬಿಡುತ್ತದೆ, ಏಕೆಂದರೆ 25ನೇ ತಿಂಗಳು ಇಲ್ಲ. ಆದರೆ 03/04/2008 ಬಂದರೆ ಅದು ನಿಲ್ಲುವುದಿಲ್ಲ. ಏಪ್ರಿಲ್ 3 ಸದ್ದಿಲ್ಲದೆ ಮಾರ್ಚ್ 4 ಆಗಿಬಿಡುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯದೂ ಇದೇ ಕತೆ. ಅದನ್ನು ಲೆಕ್ಕದ ಸಂಖ್ಯೆ ಎಂದು ತಿಳಿದರೆ ಮುಂದಿನ ಸೊನ್ನೆಗಳು ಮಾಯ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಸರಿಯಾಗಿ ಹಿಡಿಯುತ್ತದೆ, 16ನೆಯದರಿಂದ ಸೊನ್ನೆ ಕೂರಿಸುತ್ತದೆ. ಖಾತೆ ಸಂಖ್ಯೆಯನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ, ಹಾಗಾಗಿ ಅದನ್ನು ಅಕ್ಷರಗಳಂತೆಯೇ ಇಡಬೇಕು.

ನಮ್ಮ ಜಿಲ್ಲೆಯ ಹೆಸರೂ ಒಳ್ಳೆಯ ಪಾಠ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಲಾರಿ’ ಬಳ್ಳಾರಿಯಾಯಿತು, ‘ಹಾಸ್ಪೆಟ್’ ಹೊಸಪೇಟೆಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ ಅಲ್ಲಿಗೆ ಸೇರಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಈಗ ಹಳೆಯ ದಾಖಲೆಯಲ್ಲಿ ‘ಬೆಲ್ಲಾರಿ’ ಎಂದಿದ್ದರೆ ಹೊಸ ಪಟ್ಟಿಯಲ್ಲಿ ಏನೆಂದು ಬರೆಯಬೇಕು? ವಡ್ಡುವಿನ ವಿದ್ಯಾರ್ಥಿಗೆ ಬಳ್ಳಾರಿ, ಹೊಸಪೇಟೆಯ ವಿದ್ಯಾರ್ಥಿಗೆ ವಿಜಯನಗರ. ತಾಲ್ಲೂಕು ಯಾವುದೆಂದು ನೋಡದೆ ಇದನ್ನು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಎಂಥ ಜಾಣ ಪ್ರೋಗ್ರಾಂ ಆದರೂ, ಕೊಡದ ಮಾಹಿತಿಯನ್ನು ಊಹಿಸಬಹುದೇ ಹೊರತು ತಿಳಿಯಲಾರದು.

ಊಹೆಯ ಬೆಲೆ ಏನೆಂದು ಭೌತಶಾಸ್ತ್ರ ಓದುವವರು ಕೇಳಿರಬಹುದು. 1999ರ ಸೆಪ್ಟೆಂಬರ್‌ನಲ್ಲಿ ನಾಸಾ ತನ್ನ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯನ್ನು ಮಂಗಳನ ಹತ್ತಿರ ಕಳೆದುಕೊಂಡಿತು. ಒಂದು ತಂತ್ರಾಂಶ ಪೌಂಡ್ ಬಲದ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ಅದನ್ನು ನ್ಯೂಟನ್ ಲೆಕ್ಕವೆಂದು ತೆಗೆದುಕೊಂಡಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ತನಿಖೆ ಮಾಡಿದವರು ಏಕಮಾನದ ತಪ್ಪಿಗೇ ನಿಲ್ಲಲಿಲ್ಲ, ಮೊದಲಿಂದ ಕೊನೆಯವರೆಗೆ ಸರಿಯಾಗಿ ಪರೀಕ್ಷಿಸದೆ ಬಿಟ್ಟದ್ದನ್ನೂ ಎತ್ತಿ ತೋರಿಸಿದರು.

"ಎಲ್ಲರೂ ಎಲ್ಲ ದಾಖಲೆಯಲ್ಲೂ ಒಂದೇ ಥರ ಹೆಸರು ಬರೆಸಿಕೊಳ್ಳಲಿ, ಮುಗಿಯಿತಲ್ಲ" ಎನ್ನುವವರಿದ್ದಾರೆ. ಹೊಸದಾಗಿ ದಾಖಲೆ ಮಾಡಿಸುವವರಿಗೆ ಇದು ಒಳ್ಳೆಯ ಸಲಹೆ. ಹೊಂದಿಕೆಯನ್ನು ಪೂರಾ ಸಡಿಲ ಬಿಟ್ಟರೆ ಒಬ್ಬರ ಹಣ ಮತ್ತೊಬ್ಬರ ಖಾತೆಗೆ ಹೋಗುತ್ತದೆ ಎಂಬ ಭಯವೂ ನಿಜವೇ. ಹಾಗೆಂದು ಒಂದು ಅಕ್ಷರದ ವ್ಯತ್ಯಾಸಕ್ಕೆ ಅರ್ಜಿಯನ್ನೇ ತಳ್ಳುವುದು ಜಾಣತನವಲ್ಲ. ಗುರುತಿಗೆ ನೋಂದಣಿ ಸಂಖ್ಯೆ ಇದೆ, ಹುಟ್ಟಿದ ದಿನ ಇದೆ. ಅವೆರಡೂ ಕೂಡಿದ ಮೇಲೆ ಹೆಸರಿನ ಸಣ್ಣ ವ್ಯತ್ಯಾಸವನ್ನು ಒಬ್ಬ ಮನುಷ್ಯ ನೋಡಿ ನಿರ್ಧರಿಸಲಿ.

ಮುಂದೆ ಇಂಥ ಬ್ಯಾಕ್‌ಎಂಡ್ ಬರೆಯುವವರು ನಮ್ಮಲ್ಲೇ ಇದ್ದಾರೆ. ಕಂಪ್ಯೂಟರ್ ಸೈನ್ಸ್ ಗೆಳೆಯರು ಮೂರು ಮಾತು ನೆನಪಿಡಲಿ. ಬಂದ ಮಾಹಿತಿಯ ಮೂಲ ರೂಪವನ್ನು ಎಂದೂ ಅಳಿಸಬೇಡಿ, ಬದಲಿಸಿದ್ದನ್ನು ಪಕ್ಕದಲ್ಲಿ ಇಡಿ. ಅನುಮಾನ ಬಂದರೆ ಊಹಿಸದೆ ಕೇಳಿ. ಬದಲಿಸಿದ ಮೇಲೆ, ಸೇವ್ ಮಾಡುವ ಮೊದಲು, ಯಾರ ಮಾಹಿತಿಯೋ ಅವರಿಗೇ ತೋರಿಸಿ.

ಇದನ್ನು ನಮ್ಮ ಕಾಲೇಜಿನಿಂದಲೇ ಆರಂಭಿಸಬಹುದು. ಪ್ರವೇಶದ ಫಾರಂನಲ್ಲಿ ಅಂಕಪಟ್ಟಿಯ ಹೆಸರಿಗೆ ಒಂದು, ಆಧಾರ್ ಹೆಸರಿಗೆ ಒಂದು, ಪಾಸ್‌ಬುಕ್ ಹೆಸರಿಗೆ ಒಂದು ಕಾಲಂ ಇರಲಿ. ಹುಟ್ಟಿದ ತಿಂಗಳನ್ನು ಅಕ್ಷರದಲ್ಲಿ ಬರೆಸಲಿ. ಆಗ ಯಾರ ದಾಖಲೆಯಲ್ಲಿ ವ್ಯತ್ಯಾಸ ಇದೆ ಎಂಬುದು ಜೂನ್ ತಿಂಗಳಲ್ಲೇ ತಿಳಿಯುತ್ತದೆ. ಅರ್ಜಿಯ ಕೊನೆಯ ದಿನ ರಾತ್ರಿ ಸೈಬರ್ ಸೆಂಟರ್‌ನಲ್ಲಿ ನಿಂತು ತಿಳಿಯುವುದಕ್ಕಿಂತ ಅದು ಮೇಲು. ಪ್ರಾಂಶುಪಾಲರು ಮತ್ತು ಕಚೇರಿ ಸಿಬ್ಬಂದಿ ಒಪ್ಪಿದರೆ, ಆ ಪಟ್ಟಿ ಮಾಡಲು ದ್ವಿತೀಯ ಪಿಯುಸಿಯ ನಾಲ್ಕು ಜನ ಎರಡು ಶನಿವಾರ ಕೂತರೆ ಸಾಕು.