ತಂತ್ರಾಂಶ: ಸಿದ್ಧವಾದುದೋ, ಬರೆಸಿದ್ದೋ?

ಲೆಕ್ಕಪತ್ರಕ್ಕೆ ಪ್ರತ್ಯೇಕ ತಂತ್ರಾಂಶ ಬರೆಸಿಕೊಳ್ಳುವ ಹಂಬಲ ಸಣ್ಣ ಉದ್ದಿಮೆದಾರರಲ್ಲಿ ಇನ್ನೂ ಉಳಿದಿದೆ. ತಮ್ಮ ವ್ಯವಹಾರ ಇತರರಂತಲ್ಲ ಎಂಬ ನಂಬಿಕೆಯೇ ಇದರ ಮೂಲ. ಆದರೆ ತೆರಿಗೆಯ ನಿಯಮ ಎಲ್ಲರಿಗೂ ಒಂದೇ, ಅದು ಬದಲಾಗುತ್ತಲೂ ಇರುತ್ತದೆ. 2005ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆ ವ್ಯಾಟ್ ಬಂದಿತು. 2017ರ ಜುಲೈನಲ್ಲಿ ಜಿಎಸ್‌ಟಿ. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಆರಂಭವಾದ ಇ-ಇನ್‌ವಾಯ್ಸ್, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಕಡ್ಡಾಯವಾಯಿತು. ಅದೇ ವರ್ಷದ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ಉಳಿಯಬೇಕಾಯಿತು. ಟ್ಯಾಲಿಯಂತಹ ಸಿದ್ಧ ತಂತ್ರಾಂಶದಲ್ಲಿ ಈ ಬದಲಾವಣೆಗಳ ವೆಚ್ಚ ಲಕ್ಷಾಂತರ ಬಳಕೆದಾರರಲ್ಲಿ ಹಂಚಿಹೋಗುತ್ತದೆ. ಬರೆಸಿಕೊಂಡವರು ಅಷ್ಟನ್ನೂ ಒಬ್ಬರೇ ಹೊರಬೇಕು. ಅದೂ ಬರೆದಾತ ಆ ವೇಳೆಗೆ ಕೈಗೆ ಸಿಕ್ಕಿದರೆ!

ಉತ್ಪಾದನೆಯ ಮಾತು ಬೇರೆ. ಜಾಬ್‌ವರ್ಕ್‌ಗೆ ಹೋದ ಮಾಲು, ಮರಳಿ ಬಂದಾಗಿನ ತೂಕದ ಕೊರತೆ, ಬ್ಯಾಚಿನ ಲೆಕ್ಕ ಇವುಗಳಲ್ಲಿ ಒಂದೊಂದು ಕಾರ್ಖಾನೆಯದು ಒಂದೊಂದು ರೀತಿ. ಅಲ್ಲಿ ಬರೆಸುವುದು ಯುಕ್ತವೇ, ಆದರೆ ಕರಾರಿಲ್ಲದೆ ಕೂಡದು. ಹೊರಗಿನವರಿಂದ ಬರೆಸಿದ ತಂತ್ರಾಂಶದ ಕೃತಿಸ್ವಾಮ್ಯ, ಹಣ ತೆತ್ತ ಮಾತ್ರಕ್ಕೆ ತೆತ್ತವರದಾಗದು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನಂತೆ ಅದರ ವರ್ಗಾವಣೆಗೆ ಸಹಿಯುಳ್ಳ ಲಿಖಿತ ಪತ್ರ ಬೇಕು. ಅವಧಿ ನಮೂದಿಸದಿದ್ದರೆ ಐದೇ ವರ್ಷವೆಂದು ಭಾವಿಸಲಾಗುತ್ತದೆ. ನಿವೇಶನದ ಕ್ರಯಪತ್ರವನ್ನು ಮೂರು ಬಾರಿ ಓದಿಸುವ ವರ್ತಕರು ಇಲ್ಲಿ ಮಾತ್ರ ಬಾಯಿಮಾತಿಗೆ ಮುಂಗಡ ಕೊಡುವುದು ವಿಚಿತ್ರ. ಸೋರ್ಸ್ ಕೋಡ್ ಕೈಸೇರಿ, ಬೇರೊಬ್ಬ ತಜ್ಞ ಅದನ್ನು ತನ್ನ ಯಂತ್ರದಲ್ಲಿ ನಡೆಸಿ ನೋಡಿದ ಮೇಲೆಯೇ ಕೊನೆಯ ಕಂತನ್ನು ಪಾವತಿಸತಕ್ಕದ್ದು.